‘ಬ’ ಅಂತ ಬರೆದುಕೊಂಡ ಹುಳುಗಳು

ಲ್ಯಾಬ್ ಬಿಟ್ಟು ಎಷ್ಟೋ ದಿನವಾಯಿತು, ಆದರೆ ಒಂದು ಅಕ್ಷರ ಇನ್ನೂ ನನ್ನನ್ನು ಬಿಟ್ಟಿಲ್ಲ. ‘ಬ’. ಬದುಕಿದೆ ಅನ್ನುವುದಕ್ಕೆ ನಾನೇ ಮಾಡಿಕೊಂಡಿದ್ದ ಗುರುತು ಅದು. ಸತ್ತಿದ್ದಕ್ಕೆ ‘ಸ’. ಒಂದಿಡೀ ಋತು ದಿನಾ ಬೆಳಿಗ್ಗೆ ನನ್ನ ಕೆಲಸ ಇಷ್ಟೇ: ಇನ್‌ಕ್ಯುಬೇಟರ್ ಬಾಗಿಲು ತೆಗೆಯುವುದು, ಸಾಲುಸಾಲು ಗುಳಿಗಳಿರುವ ಪ್ಲೇಟ್ ಹೊರಗೆ ತರುವುದು, ಮೈಕ್ರೋಸ್ಕೋಪ್ ಕೆಳಗಿಟ್ಟು ಒಂದೊಂದು ಗುಳಿಯಲ್ಲಿರುವ ಜೇನಿನ ಮರಿಹುಳುವನ್ನೂ ಕುಂಚದ ತುದಿಯಿಂದ ಮೆಲ್ಲಗೆ ಸವರಿ, ಅಲುಗಾಡಿತಾ ಇಲ್ವಾ ಅಂತ ನೋಡುವುದು. ಅಲುಗಾಡಿದರೆ ಬ. ಇಲ್ಲದಿದ್ದರೆ ಸ. ಕೆಲವು ಗುಳಿಗಳಲ್ಲಿ ಕೀಟನಾಶಕ ಬೆರೆಸಿದ ಆಹಾರ, ಕೆಲವುದರಲ್ಲಿ ಬರೀ ಆಹಾರ. ಯಾವ ಸಾಲಿನಲ್ಲಿ ಎಷ್ಟು ಸ ಬಂತು ಅಂತ ಎಣಿಸಿದರೆ ಆ ಔಷಧಿ ಮರಿಗಳಿಗೆ ಎಷ್ಟು ಅಪಾಯ ಅಂತ ಗೊತ್ತಾಗುತ್ತದೆ. ಕೇಳೋಕೆ ಎಷ್ಟು ಸಲೀಸು, ಅಲ್ವಾ?

ಹಾಳೆ ತುಂಬಾ ಬ ಬರೆದು ಸಂಜೆ ಮನೆಗೆ ಹೋಗುವಾಗ ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ. ಕುಂಚ ತಾಗಿದಾಗ ಒಂದು ಹುಳು ಬೆಚ್ಚಿದಂತೆ ಮೈ ಮುದುರುತ್ತದೆ. ಇನ್ನೊಂದು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಬೇಕೋ ಬೇಡವೋ ಅನ್ನುವಂತೆ ಬಾಯಿ ಆಡಿಸುತ್ತದೆ. ಎರಡಕ್ಕೂ ನಾನು ಕೊಡುತ್ತಿದ್ದುದು ಅದೇ ಬ. ಇದು ಸರಿಯಲ್ಲ ಅಂತ ಕೈಗೆ ಗೊತ್ತಾಗುತ್ತಿತ್ತು. ಹಾಳೆಯಲ್ಲಿ ಬೇರೆ ಜಾಗವಿರಲಿಲ್ಲ.

ಜೇನಿಲ್ಲದ ಜೇನು

ಈ ಜೀವಿಗೆ ಕನ್ನಡದಲ್ಲಿ ಹೆಸರಿನದೇ ಒಂದು ತಾಪತ್ರಯ. ಜೇನುನೊಣ ಅಂದ ಕೂಡಲೇ ಹುಟ್ಟು, ರಾಣಿ, ತುಪ್ಪ ಎಲ್ಲ ಕಣ್ಣ ಮುಂದೆ ಬರುತ್ತದೆ. ದುಂಬಿ ಅಂದರೆ ಮರ ಕೊರೆಯುವ ದಪ್ಪ ಕಪ್ಪು ದುಂಬಿ. ನಾನು ಹೇಳುತ್ತಿರುವುದಕ್ಕೆ ಹುಟ್ಟೂ ಇಲ್ಲ, ರಾಣಿಯೂ ಇಲ್ಲ, ತುಪ್ಪ ಕೂಡಿಡುವ ಅಭ್ಯಾಸವೂ ಇಲ್ಲ. ಜೇನಿಲ್ಲದ ಜೇನು. ಬೇರೆ ದಾರಿ ಕಾಣದೆ ಒಂಟಿ ಜೇನು ಅನ್ನುತ್ತೇನೆ. ಇವು ಎಲ್ಲೋ ಅಪರೂಪಕ್ಕೆ ಒಂದು ಇರುವಂಥವು ಅಂದುಕೊಳ್ಳಬೇಡಿ. ಲೋಕದಲ್ಲಿ ಈವರೆಗೆ ಗುರುತಿಸಿರುವ ಜೇನಿನ ಜಾತಿಗಳು 20,000ಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಒಂಟಿಯವೇ. ಪೆಟ್ಟಿಗೆಯಲ್ಲಿ ಸಾಕುವ ಜೇನು ಬೆರಳೆಣಿಕೆಯ ಜಾತಿಯದು, ಆದರೆ ಜೇನು ಅಂದಾಗ ಫೋಟೋದಲ್ಲಿ ಬರುವುದು ಮಾತ್ರ ಯಾವಾಗಲೂ ಅದೇ.

ನನ್ನ ಪ್ಲೇಟುಗಳಲ್ಲಿದ್ದುದು ಆಸ್ಮಿಯಾ ಅನ್ನುವ ಕುಲದ್ದು. ಮಣ್ಣು ತಂದು ಗೋಡೆ ಕಟ್ಟುವುದರಿಂದ ಮೇಸನ್ ಬೀ ಅಂತ ಕರೆಯುತ್ತಾರೆ, ಅಂದರೆ ಗಾರೆ ಕೆಲಸದ ಜೇನು. ತಾಯಿ ಒಬ್ಬಳೇ. ಟೊಳ್ಳು ಕಡ್ಡಿಯೋ, ಮರದಲ್ಲಿ ಯಾವುದೋ ಹುಳು ಕೊರೆದು ಬಿಟ್ಟುಹೋದ ತೂತೋ ಹುಡುಕಿಕೊಳ್ಳುತ್ತಾಳೆ. ಹೂವಿಂದ ಹೂವಿಗೆ ಅಲೆದು ಪರಾಗ ತರುತ್ತಾಳೆ, ಅದಕ್ಕೆ ಸ್ವಲ್ಪ ಮಕರಂದ ಸೇರಿಸಿ ಒದ್ದೆ ಮಣ್ಣಿನ ಹದಕ್ಕೆ ಅದುಮಿಡುತ್ತಾಳೆ. ಹತ್ತಾರು ಓಡಾಟವಾದ ಮೇಲೆ ಒಂದು ಮರಿಗೆ ಸಾಕಾಗುವಷ್ಟು ಆಗುತ್ತದೆ. ಅದರ ಮೇಲೆ ಒಂದೇ ಒಂದು ಮೊಟ್ಟೆ. ಆಮೇಲೆ ಮಣ್ಣಿನ ಗೋಡೆ. ಗೋಡೆಯ ಈಚೆ ಮತ್ತೆ ಪರಾಗ, ಮತ್ತೆ ಮೊಟ್ಟೆ. ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಹತ್ತಿರದವುಗಳಲ್ಲಿ ಗಂಡು. ಯಾವುದು ಹೆಣ್ಣಾಗಬೇಕು ಅನ್ನುವುದು ಅವಳ ಕೈಯಲ್ಲೇ ಇದೆ: ಕೂಡಿಟ್ಟ ವೀರ್ಯ ತಗುಲಿಸಿ ಇಟ್ಟ ಮೊಟ್ಟೆ ಹೆಣ್ಣು, ಹಾಗೇ ಇಟ್ಟಿದ್ದು ಗಂಡು. ಹೆಣ್ಣಿಗೆ ದೊಡ್ಡ ಉಂಡೆ, ಗಂಡಿಗೆ ಚಿಕ್ಕದು. ಕೊನೆಗೆ ಬಾಗಿಲಿಗೆ ದಪ್ಪಗೆ ಮಣ್ಣು ಮೆತ್ತಿ ಹೊರಟುಹೋಗುತ್ತಾಳೆ. ಮಕ್ಕಳ ಮುಖ ಅವಳು ನೋಡುವುದೇ ಇಲ್ಲ.

ಬುತ್ತಿ ಕಟ್ಟಿ ಕಳಿಸುವುದು ಅಂತೀವಲ್ಲ, ಹಾಗೆ. ಆದರೆ ಇದು ಇಡೀ ಬಾಲ್ಯಕ್ಕೆ ಕಟ್ಟಿಕೊಟ್ಟ ಒಂದೇ ಬುತ್ತಿ. ಕೆಲವು ನೂರು ಮಿಲಿಗ್ರಾಂ ಪರಾಗ, ಅಷ್ಟೇ. ಚೆನ್ನಾಗಿಲ್ಲ ಅಂತ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ, ಯಾರೂ ಬಂದು ಬದಲಾಯಿಸುವುದಿಲ್ಲ.

ಸಾಕುಜೇನಿನ ಕಥೆಯೇ ಬೇರೆ. ಅಲ್ಲಿ ಮರಿಗೆ ಉಣಿಸಲು ದಾದಿ ನೊಣಗಳಿವೆ. ಅವು ಪರಾಗವನ್ನು ತಾವು ತಿಂದು, ಅರಗಿಸಿಕೊಂಡು, ತಲೆಯಲ್ಲಿರುವ ಗ್ರಂಥಿಗಳಿಂದ ಒಸರುವ ರಸವನ್ನು ಮರಿಗೆ ಕೊಡುತ್ತವೆ. ಕೆಲಸಗಾರ ಮರಿ ಹಸಿ ಪರಾಗವನ್ನು ನೇರವಾಗಿ ತಿನ್ನುವುದು ತೀರಾ ಕಮ್ಮಿ. ಹೂವಿನಲ್ಲಿ ವಿಷವಿದ್ದರೆ ಮೊದಲು ದಾದಿಯ ಮೈ ದಾಟಿ ಬರಬೇಕು. ಒಂಟಿ ಜೇನಿನ ಮರಿಗೆ ಅಂಥ ಸೋಸುಬಟ್ಟೆ ಇಲ್ಲ. ಹೂವಿನಲ್ಲಿ ಏನಿತ್ತೋ ಅದೇ ಬಾಯಿಗೆ.

ಇಷ್ಟು ಗೊತ್ತಿದ್ದೂ ಮರಿಗಳ ಪರೀಕ್ಷೆ ಅಂದರೆ ತುಂಬಾ ಕಾಲ ಸಾಕುಜೇನಿನ ಮರಿಗಳದ್ದೇ ಆಗಿತ್ತು. ಇಂಥ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ವಿಧಾನ ರೂಪಿಸುವ ಒಇಸಿಡಿ ಅನ್ನುವ ಸಂಸ್ಥೆ 2013ರಲ್ಲಿ ಸಾಕುಜೇನಿನ ಮರಿಗೆ ಒಂದೇ ಡೋಸ್ ಕೊಟ್ಟು ನೋಡುವ ವಿಧಾನ ತಂದಿತು, 2016ರಲ್ಲಿ ದಿನಾ ಡೋಸ್ ಕೊಟ್ಟು ನೊಣವಾಗಿ ಹೊರಬರುವವರೆಗೆ ಕಾಯುವ ವಿಧಾನ. ಎರಡನೆಯದು 22 ದಿನದ ಕೆಲಸ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಫ್ಸಾ 2013ರ ಮಾರ್ಗಸೂಚಿಯಲ್ಲೇ ಒಂಟಿ ಜೇನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂದಿತ್ತು. ಅಂದಿದ್ದೇನೋ ಸರಿ, ಆದರೆ ಹೇಗೆ ಅಂತ ಕೈ ಹಾಕಿದವರಿಗೇ ಗೊತ್ತು ಅದರ ಕಷ್ಟ.

“ಕಂಟ್ರೋಲ್ ಎಷ್ಟು?”

ನಮ್ಮ ಮೇಡಂ ಪ್ಲೇಟ್ ಹತ್ತಿರ ಬಂದರೆ ಮೊದಲು ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಡೋಸ್ ಸಾಲುಗಳಲ್ಲಿ ಏನಾಗಿದೆ ಅಂತ ಕೇಳುತ್ತಲೇ ಇರಲಿಲ್ಲ. ಕಂಟ್ರೋಲ್ ಅಂದರೆ ಏನೂ ಬೆರೆಸದ ಸಾಲು. ಅಲ್ಲಿ ಸಾವು ಜಾಸ್ತಿಯಾದರೆ ಉಳಿದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕು. ಸಾಕುಜೇನಿನ ಮರಿಗಳ ವಿಧಾನದಲ್ಲಿ ಕಂಟ್ರೋಲ್ ಮರಿಗಳ ಸಾವು ನೂರಕ್ಕೆ 15 ದಾಟಬಾರದು ಅಂತ ಬರೆದೇ ಇದೆ.

ನನ್ನ ಮೊದಲ ಪ್ಲೇಟ್ ಚೆನ್ನಾಗಿ ನೆನಪಿದೆ. ಕಡ್ಡಿಯನ್ನು ಉದ್ದಕ್ಕೆ ಸೀಳಿ ತೆರೆದೆ. ಸಾಲಾಗಿ ಕೋಣೆಗಳು, ಒಂದೊಂದರಲ್ಲೂ ಹಳದಿ ಉಂಡೆ, ಅದರ ಮೇಲೆ ಅಕ್ಕಿ ಕಾಳಿಗಿಂತ ಚಿಕ್ಕದಾದ, ಕೊಂಚ ಬಾಗಿದ ಬಿಳಿ ಮೊಟ್ಟೆ. ಅದರ ಒಂದು ತುದಿ ಪರಾಗಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ತುದಿ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಅದನ್ನು ಬಿಡಿಸಬೇಕು. ಒಣ ಕುಂಚ ಹಾಕಿದರೆ ಅಂಟಿಕೊಂಡು ಸಿಪ್ಪೆ ಹರಿಯುತ್ತದೆ, ಒದ್ದೆ ಜಾಸ್ತಿಯಾದರೆ ಜಾರಿ ಬೀಳುತ್ತದೆ. ಉಸಿರು ಹಿಡಿದುಕೊಂಡು ಒಂದೊಂದೇ ಎತ್ತಿ, ನಾನು ತಯಾರಿಸಿದ ಉಂಡೆಯ ಮೇಲೆ, ಆದಷ್ಟು ಮೊದಲಿನ ಹಾಗೇ ಇಟ್ಟೆ. ಮುಗಿದಾಗ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಆದರೂ ಒಳಗೊಳಗೇ ಜಂಬ.

ಐದನೇ ದಿನಕ್ಕೆ ಕಂಟ್ರೋಲ್ ಸಾಲು ಕುಸಿಯಿತು. ವಿಷ ಹಾಕಿದ ಸಾಲುಗಳಲ್ಲ, ಏನೂ ಹಾಕದ ಸಾಲು. ಮೊಟ್ಟೆಯೊಡೆದು ಬಂದ ಚಿಕ್ಕ ಹುಳುಗಳು ಉಂಡೆಯ ಮೇಲೆ ಇರುವ ಬದಲು ಅದರೊಳಗೆ ಹೂತುಹೋಗಿದ್ದವು. ನಾನು ಪರಾಗ ಕಲಸುವಾಗ ನೀರು ಒಂದಿಷ್ಟು ಜಾಸ್ತಿಯಾಗಿತ್ತು, ಅದು ಇನ್‌ಕ್ಯುಬೇಟರಿನ ತೇವಕ್ಕೆ ಇನ್ನೂ ಸಡಿಲವಾಗಿ ಕೆಸರಾಗಿತ್ತು. ಹುಳುಗಳು ತಮ್ಮ ಊಟದಲ್ಲೇ ಮುಳುಗಿ ಸತ್ತಿದ್ದವು. ಎರಡು ಗುಳಿಗಳಲ್ಲಿ ಬೂಷ್ಟು ಬೇರೆ. ತಮಾಷೆ ಅಂದರೆ ಡೋಸ್ ಸಾಲುಗಳಲ್ಲಿ ಸಾವು ಕಮ್ಮಿ ಇತ್ತು, ಯಾಕೆಂದರೆ ಅವನ್ನು ಮಾರನೇ ದಿನ ಮಾಡಿದ್ದೆ, ಆ ದಿನ ಹಿಟ್ಟು ಗಟ್ಟಿ ಬಂದಿತ್ತು. ಹಾಳೆಯನ್ನು ಹಾಗೇ ನಂಬಿದ್ದರೆ ಕೀಟನಾಶಕ ಮರಿಗಳ ಆಯಸ್ಸು ಹೆಚ್ಚಿಸುತ್ತದೆ ಅಂತ ಬರೆಯಬೇಕಾಗುತ್ತಿತ್ತು!

ಮೇಡಂ ಬಂದು ಎಂದಿನಂತೆ “ಕಂಟ್ರೋಲ್ ಎಷ್ಟು?” ಅಂದರು. ಹೇಳಿದೆ. ಬೈಯಲಿಲ್ಲ. ಪ್ಲೇಟನ್ನು ಓರೆ ಮಾಡಿ, ಉಂಡೆಗಳು ಜಾರುತ್ತಿದ್ದುದನ್ನು ನೋಡಿ, “ತಾಯಿ ಹೀಗೆ ಕಲಸ್ತಿರಲಿಲ್ಲ ನೋಡು” ಅಂದರು, ಅಷ್ಟೇ. ಆ ಮಾತು ಬೈಗುಳಕ್ಕಿಂತ ಜಾಸ್ತಿ ನಾಟಿತು. ಅಲ್ಲಿಯವರೆಗೆ ನಾನು ಪರೀಕ್ಷೆ ಮಾಡುತ್ತಿರುವುದು ಔಷಧಿಯನ್ನು ಅಂದುಕೊಂಡಿದ್ದೆ. ಪರೀಕ್ಷೆಯಾಗುತ್ತಿದ್ದುದು ನನ್ನ ಅಡುಗೆ ಕೂಡ.

ಆಮೇಲೆ ಒಂದೊಂದೇ ಕಲಿತೆ. ಔಷಧಿಯನ್ನು ಕರಗಿಸಲು ಅಸಿಟೋನ್ ಬಳಸಿದರೆ ಅದು ಪೂರ್ತಿ ಆರಿಹೋಗುವವರೆಗೆ ಕಾಯಬೇಕು, ಮತ್ತು ಬರೀ ಅಸಿಟೋನ್ ಹಾಕಿ ಆರಿಸಿದ ಇನ್ನೊಂದು ಕಂಟ್ರೋಲ್ ಸಾಲೂ ಬೇಕು. ಡೈಮಿಥೋಯೇಟ್ ಅನ್ನುವ ಕಟು ಕೀಟನಾಶಕ ಹಾಕಿದ ಸಾಲೊಂದು ಇರಬೇಕು, ಅಲ್ಲಿ ಹುಳುಗಳು ಸಾಯಲೇಬೇಕು, ಸಾಯದಿದ್ದರೆ ಪರೀಕ್ಷೆಯಲ್ಲೇ ಏನೋ ತಪ್ಪಿದೆ. ಸಾಕುಜೇನಿನ ಮರಿಗೆ ಬೇಕಾದ 34–35 ಡಿಗ್ರಿ ಶಾಖ ಇವಕ್ಕೆ ಬೇಡ. ಇವುಗಳ ಗೂಡನ್ನು ಬೆಚ್ಚಗಿಡಲು ಯಾರೂ ಇರುವುದಿಲ್ಲವಲ್ಲ.

ಪದರದಲ್ಲಿರುವ ವಿಷ

ಕಲಸುವ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ, ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಾವು ಬೇರೆ ಬೇರೆ ಗೂಡುಗಳ ಪರಾಗ ತೆಗೆದು ಒಟ್ಟಿಗೆ ಅರೆದು, ಔಷಧಿಯನ್ನು ಎಲ್ಲ ಕಡೆ ಒಂದೇ ಸಮ ಬೆರೆಯುವಂತೆ ಕಲಸುತ್ತೇವೆ. ಬೆರೆಸುವ ಪ್ರಮಾಣ ಎಷ್ಟು ಚಿಕ್ಕದು ಅಂದರೆ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ, ಪಿಪಿಬಿ ಅನ್ನುವ ಲೆಕ್ಕ. ಸಮವಾಗಿ ಬೆರೆಯದಿದ್ದರೆ ಒಂದು ಹುಳುವಿಗೆ ಜಾಸ್ತಿ, ಇನ್ನೊಂದಕ್ಕೆ ಇಲ್ಲವೇ ಇಲ್ಲ ಅಂತಾಗುತ್ತದೆ. ಹಾಗಾಗಿ ಬೆರೆಸಲೇಬೇಕು, ತಪ್ಪೇನಿಲ್ಲ. ಆದರೆ ತಾಯಿ ಕಟ್ಟಿದ ಬುತ್ತಿ ಒಂದೇ ಸಮ ಇರುವುದಿಲ್ಲ. ಒಂದೊಂದು ಓಡಾಟ ಒಂದೊಂದು ಗಿಡದ್ದು. ಉಂಡೆಯನ್ನು ಸೂಜಿಯಿಂದ ಸೀಳಿದರೆ ಗಾಢ ಹಳದಿ, ಮಾಸಲು ಬಿಳುಪು, ಮತ್ತೆ ಹಳದಿ ಅಂತ ಪದರ ಕಾಣುತ್ತದೆ. ಬೆಳಿಗ್ಗೆ ಹೋದ ಗಿಡಕ್ಕೆ ಸಿಂಪಡಣೆಯಾಗಿರಬಹುದು, ಮಧ್ಯಾಹ್ನ ಹೋದದ್ದಕ್ಕೆ ಆಗಿಲ್ಲದಿರಬಹುದು. ಅಂದರೆ ಮರಿ ಮೊದಲ ವಾರವಿಡೀ ಚೊಕ್ಕ ಊಟ ಮಾಡಿ, ಮೈ ತುಂಬಿಕೊಂಡ ಮೇಲೆ ವಿಷದ ಪದರಕ್ಕೆ ಬಾಯಿ ಹಾಕಬಹುದು. ಇಲ್ಲವೇ ಕೂದಲೆಳೆಯಷ್ಟು ತೆಳ್ಳಗಿರುವಾಗ, ಮೊದಲ ತುತ್ತಿನಲ್ಲೇ. ಸರಾಸರಿ ತೆಗೆದರೆ ಎರಡೂ ಒಂದೇ ಡೋಸ್. ಹುಳುವಿಗೆ ಒಂದೇನಾ?

ಇನ್ನು, ಪರಾಗ ಅಂದರೆ ಬರೀ ಪರಾಗವೂ ಅಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಸೂಕ್ಷ್ಮಜೀವಿಗಳನ್ನು ಕೊಂದು ಶುದ್ಧ ಮಾಡಿದ ಪರಾಗ ಕೊಟ್ಟರೆ ಆಸ್ಮಿಯಾ ಮರಿಗಳು ಸೊರಗುತ್ತವೆ ಅಂತ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಹಾಗಾದರೆ ಶಿಲೀಂಧ್ರನಾಶಕ ಹುಳುವನ್ನು ಮುಟ್ಟದೇ ಅದರ ಊಟವನ್ನು ಕೆಡಿಸಬಹುದು. ನನ್ನ ಕುಂಚ ಅದನ್ನು ಹೇಗೆ ಕಂಡುಹಿಡಿದೀತು?

ಅಮ್ಮನಿಗೆ ಏನೂ ಆಗಲಿಲ್ಲ

ದೊಡ್ಡ ನೊಣಗಳ ಮೇಲೆ ಪರೀಕ್ಷೆ ಮಾಡಿದರೆ ಸಾಲದೇ, ಮರಿಗಳದ್ದು ಯಾಕೆ ಅಂತ ಕೇಳುವವರಿಗೆ ನಾನು ಕೊಡುವ ಉದಾಹರಣೆ ನೊವಾಲ್ಯುರಾನ್. ಕೀಟಗಳ ಹೊರಸಿಪ್ಪೆಗೆ ಬೇಕಾದ ಕೈಟಿನ್ ತಯಾರಾಗದಂತೆ ತಡೆಯುವ ಔಷಧಿ ಇದು. ಬೆಳೆದ ನೊಣ ಸಿಪ್ಪೆ ಬದಲಿಸುವುದು ಮುಗಿದಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ, ಆರಾಮಾಗಿ ಹಾರಾಡುತ್ತದೆ. ಕುದುರೆ ಮಸಾಲ ಬೆಳೆಯ ಪರಾಗಸ್ಪರ್ಶಕ್ಕೆ ಅಮೆರಿಕದಲ್ಲಿ ಸಾಕುವ, ಎಲೆ ಕತ್ತರಿಸಿ ಗೂಡು ಹೊಲಿಯುವ ಜೇನಿನಲ್ಲಿ ಇದನ್ನು ಪರೀಕ್ಷಿಸಿದಾಗ ತಾಯಂದಿರು ಸಾಯಲಿಲ್ಲ, ಗೂಡುಗಳ ಒಳಗೆ ಮೊಟ್ಟೆ ಮತ್ತು ಎಳೆ ಮರಿಗಳು ಸತ್ತವು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನೊಣಗಳಿವೆ, ಗೂಡು ಕಟ್ಟುತ್ತಿವೆ, ಬಾಗಿಲು ಮುಚ್ಚುತ್ತಿವೆ.

ಇದೇ ಎಲೆ ಕತ್ತರಿಸುವ ಜೇನಿನದೇ ಇನ್ನೊಂದು ಕಥೆ. ಸಾಕುಜೇನಿಗೆ ಅಷ್ಟೇನೂ ಅಪಾಯವಲ್ಲ ಅನ್ನಿಸಿಕೊಂಡಿದ್ದ ಥಯಾಕ್ಲೊಪ್ರಿಡ್ ಅನ್ನುವ ಕೀಟನಾಶಕ ಈ ಜೇನಿಗೆ 2,500 ಪಟ್ಟಿಗೂ ಹೆಚ್ಚು ಕಟುವಾದದ್ದು ಅಂತ 2019ರಲ್ಲಿ ಗೊತ್ತಾಯಿತು. ಆ ವಿಷವನ್ನು ಮುರಿಯುವ ಒಂದು ಕಿಣ್ವದ ಗುಂಪೇ ಇದರ ಮೈಯಲ್ಲಿಲ್ಲ. ಎರಡು ಪಟ್ಟಲ್ಲ, ಹತ್ತು ಪಟ್ಟಲ್ಲ. ಇದಾದ ಮೇಲೂ ಒಂದು ಜಾತಿಯ ಅಂಕಿಯನ್ನು ಹತ್ತರಿಂದಲೋ ನೂರರಿಂದಲೋ ಭಾಗಿಸಿ ಉಳಿದೆಲ್ಲ ಜಾತಿಗೂ ಹೊಂದಿಸಿಕೊಳ್ಳಿ ಅಂದರೆ ನನಗಂತೂ ಧೈರ್ಯ ಬರುವುದಿಲ್ಲ.

ಹಾಗಂತ ಎಲ್ಲ ಪ್ರಯೋಗವೂ ಒಂದೇ ಕಡೆ ಬೊಟ್ಟು ಮಾಡುತ್ತದೆ ಅಂತಲ್ಲ. 2017ರಲ್ಲಿ ಆಸ್ಮಿಯಾ ಮರಿಗಳಿಗೆ 10 ಪಿಪಿಬಿವರೆಗೆ ಕ್ಲೋಥಿಯಾನಿಡಿನ್ ಅನ್ನುವ ಕೀಟನಾಶಕ ಬೆರೆಸಿದ ಪರಾಗ ತಿನ್ನಿಸಿ ನೋಡಿದರು. ಬೆಳವಣಿಗೆಯ ವೇಗದಲ್ಲಾಗಲಿ, ಚಳಿಗಾಲ ದಾಟುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿದ ದಿನ ಸಮಾಧಾನವಾಗಿತ್ತು. ಆದರೆ ಅದಕ್ಕೂ ಮುಂಚೆ, 2015ರಲ್ಲಿ ಸ್ವೀಡನ್‌ನ ಹೊಲಗಳ ಅಧ್ಯಯನವೊಂದು ಬಂದಿತ್ತು. ಕ್ಲೋಥಿಯಾನಿಡಿನ್ ಜೊತೆ ಇನ್ನೊಂದು ಕೀಟನಾಶಕ ಸೇರಿಸಿ ಬೀಜೋಪಚಾರ ಮಾಡಿದ 8 ಹೊಲ, ಮಾಡದ 8 ಹೊಲ. ಮಾಡದವುಗಳಲ್ಲಿ 6 ಕಡೆ ಆಸ್ಮಿಯಾ ಮರಿಕೋಣೆ ಕಟ್ಟಿತು. ಮಾಡಿದವುಗಳಲ್ಲಿ ಒಂದು ಕಡೆಯೂ ಇಲ್ಲ. ಅದೇ ಹೊಲಗಳಲ್ಲಿ ಇಟ್ಟಿದ್ದ ಸಾಕುಜೇನಿನ ಕುಟುಂಬಗಳಿಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ. ಎರಡೂ ಸರಿ ಇರಬಹುದು. ಮರಿ ಆ ಪ್ರಮಾಣವನ್ನು ತಡೆದುಕೊಳ್ಳುತ್ತದೆ, ಆದರೆ ತಾಯಿ ಬುತ್ತಿಯನ್ನೇ ಕಟ್ಟಲಿಲ್ಲ. ಮೊಟ್ಟೆಯೇ ಇಲ್ಲದ ಕಡೆ ಮರಿ ಸಾಯುವ ಮಾತೆಲ್ಲಿ ಬಂತು? ನನ್ನ ಪ್ಲೇಟಿನಲ್ಲಿ ಎಲ್ಲ ಗುಳಿಯಲ್ಲೂ ಒಂದೊಂದು ಮೊಟ್ಟೆ ಇರುತ್ತಿತ್ತು, ಯಾಕೆಂದರೆ ಅದನ್ನು ಅಲ್ಲಿಟ್ಟವನು ನಾನು.

ಕಾಲದ ಪ್ರಶ್ನೆ ಇನ್ನೂ ಬೇರೆ. ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮರಿಯಾಗಿದ್ದಾಗ ಇಮಿಡಾಕ್ಲೊಪ್ರಿಡ್ ಅನ್ನುವ ಕೀಟನಾಶಕ ಸೋಂಕಿದ ಆಸ್ಮಿಯಾಗಳು ಮುಂದಿನ ವರ್ಷ ದೊಡ್ಡವಾಗಿ ಗೂಡು ಕಟ್ಟುವಾಗ ಸುಮಾರು ನೂರಕ್ಕೆ 20ರಷ್ಟು ಕಮ್ಮಿ ಮರಿ ಮಾಡಿದವು. ದೊಡ್ಡವಾದ ಮೇಲೆ ಅವು ಚೊಕ್ಕ ಹೂವಿನ ಮೇಲೇ ಓಡಾಡಿಕೊಂಡಿದ್ದರೂ. ಆ ಹುಳುಗಳಿಗೆ ಮರಿಯಾಗಿದ್ದಾಗ ನಾನು ಕುಂಚ ತಾಗಿಸಿದ್ದರೆ ಏನು ಬರೆಯುತ್ತಿದ್ದೆ? ಬ, ಬ, ಬ.

ಡಬ್ಬಿ ತೆರೆದ ದಿನ

ನೀರಿನ ಹದ ಕಲಿತ ಮೇಲೆ ನನ್ನ ಹುಳುಗಳು ಬೆಳೆದವು. ಅವು ತಿನ್ನುವುದನ್ನು ನೋಡುವುದೇ ಒಂದು ಚಟವಾಗಿತ್ತು. ಹುಳು ನಡೆದಾಡುವುದಿಲ್ಲ, ಕಾಲೇ ಇಲ್ಲ. ಕೂತಲ್ಲೇ ಕತ್ತು ಬಗ್ಗಿಸಿ ಅಗೆಯುತ್ತಾ ಅಗೆಯುತ್ತಾ ಉಂಡೆ ಕರಗುತ್ತದೆ, ಹುಳು ಉಬ್ಬುತ್ತದೆ, ಪರಾಗದ ಹಳದಿ ಅದರ ತೆಳು ಚರ್ಮದೊಳಗಿಂದ ಕಾಣುತ್ತದೆ. ದೊಡ್ಡದಾದ ಮೇಲೆ ಕಂದು ಬಣ್ಣದ ಒಣ ಹಿಕ್ಕೆಗಳನ್ನು ಹಾಕಲು ಶುರುಮಾಡುತ್ತದೆ. ಕೊನೆಯ ತುತ್ತೂ ಮುಗಿದ ಮೇಲೆ ಬಾಯಿಂದ ರೇಷ್ಮೆ ತೆಗೆದು ಮೈಸುತ್ತ ಕೋಶ ನೇಯುತ್ತದೆ. ಮೊದಲು ಜೇಡರ ಬಲೆಯಂತೆ ಅಲ್ಲೊಂದು ಇಲ್ಲೊಂದು ಎಳೆ, ಹಿಕ್ಕೆಗಳೂ ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ ಕಂದಾಗಿ, ಗಟ್ಟಿಯಾಗಿ, ಒಳಗೇನಿದೆ ಅಂತ ಕಾಣದಾಗುತ್ತದೆ. ಅಲ್ಲಿಗೆ ಕುಂಚದ ಕೆಲಸ ಮುಗಿಯಿತು. ಹಾಳೆಯ ಕೊನೆಯ ಕಾಲಂನಲ್ಲಿ ಬ ಬರೆದು, ತೂಕ ಮಾಡಿ, ಡಬ್ಬಿಗೆ ಹಾಕಿದೆವು. ಬೇಸಿಗೆಯ ಕೊನೆಗೆ ಅವು ಕೋಶದೊಳಗೇ ರೆಕ್ಕೆ ಮೀಸೆ ಎಲ್ಲ ಬಂದ ಪೂರ್ತಿ ನೊಣಗಳಾಗುತ್ತವೆ, ಆದರೆ ಹೊರಗೆ ಬರುವುದಿಲ್ಲ. ಚಳಿಗಾಲ ಪೂರ್ತಿ 4 ಡಿಗ್ರಿಯ ಫ್ರಿಜ್ಜಿನಲ್ಲಿ ಕಾದವು. ವರದಿ ಅಷ್ಟರಲ್ಲಿ ಹೋಗಿತ್ತು. ಯಾರದ್ದೂ ತಪ್ಪಲ್ಲ, ಪರೀಕ್ಷೆ ಕೋಶ ನೇಯುವವರೆಗೆ ಅಂತಲೇ ಮೊದಲಿಂದ ಗೊತ್ತಾಗಿತ್ತು.

ವಸಂತದಲ್ಲಿ ಡಬ್ಬಿಗಳನ್ನು ಹೊರಗಿಟ್ಟೆವು. ಗಂಡುಗಳು ಮೊದಲು ಬಂದವು. ಕೋಶದ ತುದಿಯನ್ನು ಒಳಗಿನಿಂದ ಕಚ್ಚಿ ಕಚ್ಚಿ ತೂತು ಮಾಡಿ, ಮುಖದ ಮೇಲೆ ಬಿಳಿ ಕೂದಲಿನ ಗಂಡುಗಳು. ಕೆಲವು ದಿನ ಬಿಟ್ಟು ಹೆಣ್ಣುಗಳು. ಆಮೇಲೆ ಬರುವುದು ನಿಂತಿತು. ತುಂಬಾ ಕೋಶಗಳು ಹಾಗೇ ಉಳಿದಿದ್ದವು. ಕಂಟ್ರೋಲಿನಲ್ಲೂ ಇದ್ದವು, ಡೋಸ್ ಸಾಲುಗಳಲ್ಲಿ ಇನ್ನೂ ಜಾಸ್ತಿ ಇದ್ದ ಹಾಗಿತ್ತು. ಆದರೆ ಅಷ್ಟು ಕಮ್ಮಿ ಸಂಖ್ಯೆಯಲ್ಲಿ ಖಚಿತವಾಗಿ ಏನನ್ನೂ ಹೇಳುವಂತಿರಲಿಲ್ಲ, ಹೇಳುವುದೂ ಇಲ್ಲ.

ಒಂದು ಕೋಶವನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿದೆ. ಒಳಗೆ ಹೆಣ್ಣು. ರೆಕ್ಕೆ ಮಡಿಸಿಕೊಂಡು, ಮೀಸೆ ಎದೆಗೆ ಒತ್ತಿಕೊಂಡು, ಮೈಮೇಲಿನ ಕೂದಲೂ ಕೆಡದೆ. ದವಡೆ ಕೋಶದ ತುದಿಗೆ ತಾಗಿಯೇ ಇತ್ತು, ಅಲ್ಲಿ ರೇಷ್ಮೆ ಒಂದಿಷ್ಟು ತರಚಿತ್ತು. ಕಚ್ಚಲು ಶುರುಮಾಡಿ ನಿಲ್ಲಿಸಿದ್ದಾಳೆ. ಹಳೆಯ ಹಾಳೆ ತೆಗೆದು ಗುಳಿಯ ನಂಬರ್ ಹುಡುಕಿದೆ. ನಡುವಿನ ಡೋಸ್. ಸಾಲಿನುದ್ದಕ್ಕೂ ನನ್ನದೇ ಅಕ್ಷರದಲ್ಲಿ ಬ, ಒಂದು ದಿನವೂ ತಪ್ಪದೆ.

ಪೆನ್ನು ತೆಗೆದುಕೊಂಡೆ. ಮೇಡಂ ನೋಡಿದರು. “ಅದನ್ನ ತಿದ್ದಬೇಡ. ಆವತ್ತು ಬದುಕಿತ್ತಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳಿ. ಉಳಿದ ಕೋಶ ಈಗಲೇ ಬಿಡಿಸಬೇಡ, ಹತ್ತು ದಿನ ಇರಲಿ.”

ಸ್ಕೇಲ್ ಇಟ್ಟು ಗೆರೆ ಎಳೆದೆ. ಆರನೇ ದಿನ ಎರಡು ಹೊರಬಂದವು, ಒಂದು ಕಂಟ್ರೋಲಿನದು, ಇನ್ನೊಂದು ಅದೇ ನಡುವಿನ ಡೋಸಿನದು. ಕಿಟಕಿ ತೆರೆದಿದ್ದೆ. ಕಂಟ್ರೋಲಿನದು ಕೂಡಲೇ ಹಾರಿತು. ಇನ್ನೊಂದು ಡಬ್ಬಿಯ ಅಂಚಿಗೆ ಬಂದು ಕೂತು, ಮೀಸೆ ಒರೆಸಿಕೊಂಡು, ಮಧ್ಯಾಹ್ನದವರೆಗೂ ಅಲ್ಲೇ ಇತ್ತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ. ಹಾರಿತೋ, ಮೇಜಿನ ಹಿಂದೆ ಬಿತ್ತೋ ಅಂತ ಬಗ್ಗಿ ಹುಡುಕಿದೆ. ಹೊಸ ಕಾಲಂನಲ್ಲಿ ಆ ಸಾಲಿನ ಎದುರು ಇವತ್ತಿಗೂ ಬರೀ ಒಂದು ಚುಕ್ಕೆ ಇದೆ, ಪೆನ್ನು ಊರಿ ತೆಗೆದ ಗುರುತು.